ಕತ್ತು ಹಿಡ್ಕೊಂಡಿದೆ, ಅಷ್ಟೇ

ಟೀವಿಯಲ್ಲಿ ಒಂದು ಲಕ್ಷ ಜನ ಒಂದೇ ಕಡೆ ಸೇರಿದ್ದರು. ಮಕ್ಬೂಲನ ಕಣ್ಣಿಗೆ ಆಟಕ್ಕಿಂತ ಮೊದಲು ಬಿದ್ದದ್ದು ಅದೇ. ಕೋಟು ಹ್ಯಾಟುಗಳ ಕಪ್ಪು-ಬಿಳುಪು ಗಂಡಸರು, ಹೆಗಲಿಗೆ ಹೆಗಲು ಒತ್ತಿ, ಹಿಂದಿನವನ ಉಸಿರು ಮುಂದಿನವನ ಮೇಲೆ ಬೀಳುವಷ್ಟು ಹತ್ತಿರ ನಿಂತು, ಬಾಯಿ ತೆರೆದು ಹಾಡುತ್ತಿದ್ದರು. ಎರಡು ತಿಂಗಳಿಂದ ಹೆಂಡತಿ ಮಗಳನ್ನು ಬಿಟ್ಟು ಇನ್ನಾರ ಪಕ್ಕದಲ್ಲೂ ನಿಲ್ಲದಿದ್ದ ಅವನಿಗೆ ಆ ಗುಂಪನ್ನು ಕಂಡು ಮೊದಲು ಹೆದರಿಕೆಯಾಯಿತು, ಆಮೇಲೆ ಸಣ್ಣಗೆ ಹೊಟ್ಟೆಕಿಚ್ಚಾಯಿತು. ಮಗಳು ಇಲ್ಮಾ ಸೋಫಾದ ಇನ್ನೊಂದು ತುದಿಯಲ್ಲಿ ಕಾಲು ಮಡಚಿ ಕೂತಿದ್ದಳು. ಈ ವರ್ಷದ ಇಂಗ್ಲಿಷ್ ಫುಟ್‌ಬಾಲ್ ಕಪ್ ಫೈನಲ್ ಇವತ್ತೇ ಲಂಡನ್ನಿನಲ್ಲಿ ನಡೆಯಬೇಕಿತ್ತಂತೆ, ರೋಗದಿಂದಾಗಿ ಮುಂದೆ ಹೋಗಿದೆಯಂತೆ, ಅದಕ್ಕೇ ಚಾನೆಲ್ಲಿನವರು ಮಧ್ಯಾಹ್ನದಿಂದ ಹಳೆಯ ಫೈನಲ್‌ಗಳನ್ನು ತೋರಿಸುತ್ತಿದ್ದಾರಂತೆ. "ಇದು ಐವತ್ತಾರನೇ ಇಸವಿಯದು ಅಬ್ಬಾ. ಮ್ಯಾಂಚೆಸ್ಟರ್ ಸಿಟಿ, ಬರ್ಮಿಂಗ್‌ಹ್ಯಾಮ್. ನಮ್ಮ ಗೋಲ್‌ಕೀಪರ್‌ನ ನೋಡ್ತಾ ಇರಿ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಹತ್ತೊಂಬತ್ತರ ಹುಡುಗಿ, ಸೈಬರ್‌ಜಯಾದ ಕಾಲೇಜು ಮುಚ್ಚಿದ ಮೇಲೆ ಮಲಯ್ ನಾಡಿನ ಮೆಲಾಕಾದ ಈ ಮನೆಗೆ ಬಂದಿದ್ದಳು. ತಾಯಿ ತಂದೆ ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲಿ, ಇಲ್ಲಿಯವರ ಹಾಗೆ ನಡುನಡುವೆ ಒಂದು 'ಲಾ' ಸೇರಿಸಿ. 'ನಮ್ಮ' ಗೋಲ್‌ಕೀಪರ್ ಎಂದಳಲ್ಲ, ಇವಳು ಹುಟ್ಟುವುದಕ್ಕೆ ಎಷ್ಟೋ ದಶಕಗಳ ಮೊದಲು ಆಡಿದ ಮನುಷ್ಯ ಇವಳಿಗೆ ನಮ್ಮವನಾದದ್ದು ಹೇಗೆ, ಅಷ್ಟು ಸಲೀಸಾಗಿ ತಾನು ಯಾರನ್ನಾದರೂ ನಮ್ಮವರು ಅಂದದ್ದುಂಟೆ ಎಂದು ಯೋಚಿಸುತ್ತ ಮಕ್ಬೂಲ್ ಪರದೆಯನ್ನೇ ನೋಡಿದ. ಅಡಿಗೆಮನೆಯ ಕಡೆ ನೋಡಲಿಲ್ಲ. ಬುಧವಾರದಿಂದ ಆ ಕಡೆ ನೋಡದೇ ಇರುವುದು ಅವನಿಗೆ ರೂಢಿಯಾಗಿತ್ತು.

ಅಲ್ಲಿ ಬಿಲ್ಕಿಸ್ ನಾಳೆಯ ಹಬ್ಬಕ್ಕೆ ತುಪ್ಪದಲ್ಲಿ ಶಾವಿಗೆ ಹುರಿಯುತ್ತಿದ್ದಳು. ಕೊನೆಯ ಉಪವಾಸದ ದಿನ. ಹಿಂದಿನ ವರ್ಷಗಳಲ್ಲಿ ಈ ಹೊತ್ತಿಗೆ ಮನೆ ತುಂಬ ಅವನ ವಿದ್ಯಾರ್ಥಿಗಳಿರುತ್ತಿದ್ದರು. ಕರ್ನಾಟಕದಿಂದ ಬಂದು ಇಲ್ಲಿ ಮೆಡಿಕಲ್ ಓದುವವರು, ಊರಿಗೆ ಹೋಗಲಾಗದವರು, 'ಮೇಡಂ ಕೈ ಶಾವಿಗೆ' ಎಂದು ಹೊಗಳಿ ಎರಡೆರಡು ಬಟ್ಟಲು ತಿನ್ನುವವರು. ಮೇಡಂ ಎಂಬುದು ಅವಳಿಗೆ ಒಪ್ಪುತ್ತಿತ್ತು. ರಾಣೆಬೆನ್ನೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸಿದವಳು. ಅವಳಿಂದಾಗಿಯೇ ಈ ಮನೆಯಲ್ಲಿ ದಖನಿ ಉರ್ದುವಿಗಿಂತ ಕನ್ನಡ ಹೆಚ್ಚು, ಜಗಳವಂತೂ ಪೂರ್ತಿ ಕನ್ನಡದಲ್ಲೇ. ಬುಧವಾರದ ಜಗಳವೂ. ಅವತ್ತು ಅವನು ಬೆಳಿಗ್ಗೆ ಲ್ಯಾಪ್‌ಟಾಪಿನ ಮುಂದೆ ಕೂತು ಮೊಣಕಾಲಿನ ಪಾಠ ಮಾಡುತ್ತಿದ್ದ. ವಿದ್ಯಾರ್ಥಿಗಳ ಮುಖವಿಲ್ಲ, ಸಾಲು ಸಾಲು ಕಪ್ಪು ಚೌಕಗಳು. ಒಂದು ಪ್ರಶ್ನೆ ಕೇಳಿದ, ಯಾರೂ ಉತ್ತರಿಸಲಿಲ್ಲ. ಮತ್ತೆ ಕೇಳಿದ. ಸಿಟ್ಟು ಬಂತು. ಮನೆಯಲ್ಲಿ ಮಲಗಿಕೊಂಡು ಡಾಕ್ಟರಾಗಲು ಹೊರಟಿದ್ದೀರಾ, ನಿಮ್ಮಂಥವರ ಕೈಗೆ ರೋಗಿಗಳು ಸಿಕ್ಕರೆ ಗತಿಯೇನು ಎಂದು ದೀರ್ಘವಾಗಿ ಬೈದ. ಬೈದು ಮುಗಿಸಿ ನೋಡಿದರೆ ಮೂಲೆಯಲ್ಲಿ ಒಂದು ಸಾಲು: 'ಪ್ರೊಫ್, ನಿಮ್ಮ ಧ್ವನಿ ಕೇಳಿಸುತ್ತಿಲ್ಲ.' ಅದನ್ನು ಯಾರೋ ಬಹಳ ಹೊತ್ತಿನ ಹಿಂದೆಯೇ ಬರೆದಿದ್ದರು. ಬೆರಳೆತ್ತಿ, ಬಾಯಿ ಬಡಿಯುತ್ತ, ಸದ್ದೇ ಇಲ್ಲದೆ ಕೂಗಾಡುವ ಒಬ್ಬ ಮುದುಕನನ್ನು ಅವರೆಲ್ಲ ಆ ಕಪ್ಪಿನ ಹಿಂದಿನಿಂದ ನೋಡುತ್ತಿದ್ದಿರಬೇಕು. ಯಾರಾದರೂ ಮೊಬೈಲಿನಲ್ಲಿ ಹಿಡಿದುಕೊಂಡಿರಲೂಬಹುದು.

ಆ ಮುಖ ಹೊತ್ತುಕೊಂಡೇ ಹೊರಗೆ ಬಂದಿದ್ದ. ಬಿಲ್ಕಿಸ್ ಊಟದ ಮೇಜಿನ ಪಕ್ಕ ಸ್ಟೂಲು ಹಾಕಿ, ಕಿಟಕಿಯ ಕರ್ಟನ್ ಬಿಚ್ಚುತ್ತಿದ್ದಳು. ಹಬ್ಬಕ್ಕೆ ಕರ್ಟನ್ ಬದಲಿಸುವುದನ್ನು ಅವಳು ಇಲ್ಲಿನ ಮಲಯ್ ನೆರೆಯವರಿಂದ ಕಲಿತಿದ್ದಳು. ಈ ಸಲ ಯಾರೂ ಬರಲ್ಲ, ಇಳಿ ಕೆಳಗೆ ಎಂದ. "ಯಾರೂ ಬರೂದಿಲ್ಲಂದ್ರ ಮನಿ ಮನಿ ಅಲ್ಲೇನ್ರಿ?" ಎಂದು ಅವಳು ತಿರುಗಿಯೂ ನೋಡದೆ ಅಂದಳು. ಉಪವಾಸದಲ್ಲಿ ತಲೆ ತಿರುಗಿ ಬಿದ್ದರೆ ನನ್ನನ್ನ ಕೇಳಬೇಡ ಎಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಂಡ. ಸ್ಟೂಲು ಉರುಳಿದ ಸದ್ದು ಕೇಳಿದಾಗ ಅವನಿಗೆ ಮೊದಲು ಆದದ್ದು ಗಾಬರಿಯಲ್ಲ. ನೋಡಿದೆಯಾ, ಎಂಬಂಥದ್ದೇನೋ ಎದೆಯಲ್ಲಿ ಎದ್ದು ಕೂತಿತು. ಆಮೇಲೆ ಕಾಲು ಓಡಿದವು. ಅವಳು ನೆಲದ ಮೇಲೆ ಕೂತಿದ್ದಳು, ಸೀರೆ ಸರಿಮಾಡಿಕೊಳ್ಳುತ್ತಿದ್ದಳು. ಬೀಳುವಾಗ ಗದ್ದ ಮೇಜಿನ ಅಂಚಿಗೆ ಬಡಿದು ತರಚಿತ್ತು. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ನಗಲು ನೋಡಿದಳು. ಅವನು ಬಗ್ಗಿ ಕತ್ತಿನ ಹಿಂದೆ ಎರಡು ಕಡೆ ಹೆಬ್ಬೆರಳು ಒತ್ತಿದ, ಈ ಕಡೆ ತಿರುಗಿಸು ಎಂದ. ಅವಳು ಕಣ್ಣು ಮುಚ್ಚಿ ಒಂದಿಷ್ಟು ತಿರುಗಿಸಿದಳು. "ಕತ್ತು ಹಿಡ್ಕೊಂಡಿದೆ, ಅಷ್ಟೇ," ಎಂದ. ಒಂದು ಮುಲಾಮು ತಂದುಕೊಟ್ಟ. 'ಬೇಡ ಅಂತ ಮೊದಲೇ ಹೇಳಿದ್ದೆ' ಎಂಬ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದನೋ, ಮನಸ್ಸಿನಲ್ಲೇ ಅಂದುಕೊಂಡಿದ್ದನೋ, ಈಗ ಎಷ್ಟು ಯೋಚಿಸಿದರೂ ತಿಳಿಯುತ್ತಿರಲಿಲ್ಲ. ಇಲ್ಮಾ ಅಲ್ಲೇ ನಿಂತಿದ್ದಳು, ಅವಳಿಗೆ ಗೊತ್ತಿರುತ್ತದೆ. ಕೇಳಲು ಧೈರ್ಯವಿರಲಿಲ್ಲ. ಮರುದಿನ ಅವಳು, ಅಮ್ಮಿಗೆ ಒಂದು ಎಕ್ಸ್-ರೇ ತೆಗೆಸಬಾರದಾ ಎಂದಾಗ, ಈ ಮನೆಯಲ್ಲಿ ಡಾಕ್ಟರ್ ಯಾರು ಎಂದು ಕೇಳಿದ್ದ. ಆಸ್ಪತ್ರೆ ತುಂಬ ಕೋವಿಡ್ ಇದೆ ಎಂದೂ ಸೇರಿಸಿದ್ದ. ಅದು ಸುಳ್ಳೇನಲ್ಲ.

"ಈಗ, ಈಗ ನೋಡಿ," ಎಂದಳು ಇಲ್ಮಾ. ಟ್ರಾಟ್‌ಮನ್ ಅಂತ ಸಿಟಿಯ ಗೋಲ್‌ಕೀಪರ್‌ನ ಹೆಸರು, ಜರ್ಮನಿಯವನು, ಯುದ್ಧಖೈದಿಯಾಗಿ ಇಂಗ್ಲೆಂಡಿಗೆ ಬಂದು ಅಲ್ಲೇ ಉಳಿದವನು, ಮೊದಮೊದಲು ಜನ ಅವನನ್ನು ಬೀದಿಗಿಳಿದು ವಿರೋಧಿಸಿದ್ದರು ಎಂದೆಲ್ಲ ಅವಳು ಹೇಳುತ್ತಿದ್ದಳು. ಎತ್ತರದ, ತಿಳಿಬಣ್ಣದ ಕೂದಲಿನ ಮನುಷ್ಯ ಗೋಲಿನಿಂದ ಮುನ್ನುಗ್ಗಿ ಎದುರಾಳಿಯ ಕಾಲ ಬುಡಕ್ಕೇ ಹಾರಿದ. ಎದುರಾಳಿಯ ಮೊಣಕಾಲು ಅವನ ಕತ್ತಿಗೆ ಬಡಿಯಿತು. ಚೆಂಡು ಕೈಯಲ್ಲೇ ಉಳಿಯಿತು. ಮನುಷ್ಯ ಮಾತ್ರ ಏಳಲಿಲ್ಲ. ಯಾರೋ ಓಡಿಬಂದು ಉಪಚರಿಸಿದರು, ಎಬ್ಬಿಸಿ ನಿಲ್ಲಿಸಿದರು. ಆ ಕಾಲದಲ್ಲಿ ಒಬ್ಬನ ಬದಲು ಇನ್ನೊಬ್ಬನನ್ನು ಇಳಿಸುವ ನಿಯಮವಿರಲಿಲ್ಲವಂತೆ. ಅವನು ಒಂದು ಕೈಯಲ್ಲಿ ಕತ್ತು ಒತ್ತಿಕೊಂಡು, ಕುಡಿದವನ ಹಾಗೆ ತೂರಾಡುತ್ತ ಮತ್ತೆ ಗೋಲಿನ ಮುಂದೆ ನಿಂತ. ಚೆಂಡು ಬಂದಾಗ ಮತ್ತೆ ಹಾರಿದ. ಲಕ್ಷ ಜನ ಕೂಗಿದರು. ಆಟ ಮುಗಿದಾಗ ಅವನ ತಂಡ ಗೆದ್ದಿತ್ತು. ಅವನು ತಲೆ ಒಂದು ಕಡೆ ವಾಲಿಸಿಕೊಂಡೇ ಮೆಟ್ಟಿಲು ಹತ್ತಿ ಪದಕ ತೆಗೆದುಕೊಂಡ. ಯಾರೋ ಪಕ್ಕದಿಂದ ಕರೆದಿರಬೇಕು. ಅವನು ತಿರುಗಿದ. ಕತ್ತು ತಿರುಗಲಿಲ್ಲ; ಮೊದಲು ಪಾದ, ಆಮೇಲೆ ಸೊಂಟ, ಭುಜ, ಇಡೀ ಮೈ ಒಂದು ಬಾಗಿಲಿನ ಹಾಗೆ ತಿರುಗಿತು.

ಮಕ್ಬೂಲನ ಬಾಯಿ ಒಣಗಿತ್ತು, ಬೆಳಗಿನಿಂದ ಒಣಗಿಯೇ ಇತ್ತು. ಆ ತಿರುಗುವಿಕೆಯನ್ನು ಅವನು ಎಲ್ಲೋ ನೋಡಿದ್ದ. ಪಕ್ಕದಲ್ಲಿ ಇಲ್ಮಾ ಫೋನಿನಲ್ಲಿ ಓದಿ ಹೇಳುತ್ತಿದ್ದಳು: ಮರುದಿನ ಲಂಡನ್ನಿನಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದನಂತೆ, ಏನೂ ಆಗಿಲ್ಲ, ಕತ್ತು ಹಿಡಿದುಕೊಂಡಿದೆ, ತಾನಾಗೇ ಹೋಗುತ್ತದೆ ಎಂದು ಕಳಿಸಿದರಂತೆ. ಕೆಲವು ದಿನ ಕಳೆದ ಮೇಲೆ ಬೇರೆ ಕಡೆ ಎಕ್ಸ್-ರೇ ತೆಗೆದರೆ ಕತ್ತು ಮುರಿದಿತ್ತಂತೆ. ಎರಡನೇ ಮೂಳೆ ಎರಡು ಹೋಳು. "ಇಮ್ಯಾಜಿನ್ ಲಾ, ಅಬ್ಬಾ. ಸ್ವಲ್ಪ ಜಾರಿದ್ದರೆ ಸತ್ತೇಹೋಗುತ್ತಿದ್ದ. ಆ ಡಾಕ್ಟರ್ ಯಾರೋ, ಹೆಸರೇ ಹಾಕಿಲ್ಲ." ಆ ಡಾಕ್ಟರನ ಪರವಾಗಿ ಏನಾದರೂ ಹೇಳಬೇಕೆಂದು ಮಕ್ಬೂಲನಿಗೆ ತೀವ್ರವಾಗಿ ಅನಿಸಿತು. ಅವತ್ತು ಭಾನುವಾರ ಇದ್ದಿರಬೇಕು. ಯಾರೋ ಅವನನ್ನು ಊಟದಿಂದ ಎಬ್ಬಿಸಿರಬೇಕು. ಎದುರಿಗೆ ನಡೆದುಕೊಂಡೇ ಬಂದ ಆರಡಿಯ ಗಂಡಸು, ಹಿಂದಿನ ರಾತ್ರಿ ಔತಣಕ್ಕೆ ಹೋಗಿಬಂದವನು. ಕತ್ತು ಮುರಿದವನು ನಡೆಯುತ್ತಾನೆಯೇ? ನಡೆಯುತ್ತಾನೆ. ಇದನ್ನೇ ಅವನು ಪ್ರತಿ ವರ್ಷ ಪ್ರತಿ ತರಗತಿಗೆ ಹೇಳುತ್ತ ಬಂದಿದ್ದ, ನಡೆದು ಬರುವವನನ್ನು ನಂಬಬೇಡಿ ಎಂದು, ಎಂಥ ದಡ್ಡ ವಿದ್ಯಾರ್ಥಿಯೂ ಅದೊಂದನ್ನು ಮರೆಯುತ್ತಿರಲಿಲ್ಲ. ಅಥವಾ ಆ ಲಂಡನ್ನಿನವನಿಗೆ ಆ ಜರ್ಮನ್ ಇಷ್ಟವಿರಲಿಲ್ಲವೋ ಏನೋ. ಮುಟ್ಟಿದ ಬೆರಳು ರೋಗವನ್ನು ಹುಡುಕುತ್ತಿರಲಿಲ್ಲವೋ ಏನೋ. ಬುಧವಾರ ತನ್ನ ಹೆಬ್ಬೆರಳುಗಳು ಹುಡುಕುತ್ತಿದ್ದದ್ದು ಏನನ್ನು? ಅವು ಜಗಳ ಗೆಲ್ಲುತ್ತಿದ್ದವು. ಅಷ್ಟು ಸ್ಪಷ್ಟವಾಗಿ ಆ ಮಾತು ಎದುರು ಬಂದು ನಿಂತಾಗ ಅವನಿಗೆ ಹಿಂದಿನ ರಾತ್ರಿ ನೆನಪಾಯಿತು. ಮಸೀದಿ ಮುಚ್ಚಿದ್ದರಿಂದ ಈ ರಮಜಾನಿನ ರಾತ್ರಿಗಳ ತರಾವೀಹ್ ನಮಾಜು ಮನೆಯಲ್ಲೇ; ಅವನೇ ಇಮಾಮ್, ಬೆನ್ನ ಹಿಂದೆ ಹೆಂಡತಿ ಮಗಳು. ಯಾರಿಗೂ ಹೇಳದ ಒಂದು ಹೆಮ್ಮೆ ಆ ಕೆಲಸದಲ್ಲಿತ್ತು, ದನಿಯನ್ನು ಒಂದಿಷ್ಟು ಹೆಚ್ಚೇ ಎಳೆಯುತ್ತಿದ್ದ. ಬುಧವಾರ, ಗುರುವಾರ ಅವನ ಬೆನ್ನ ಹಿಂದೆ ಅವಳು ಬಗ್ಗಿದ್ದಳು, ಹಣೆ ನೆಲಕ್ಕಿಟ್ಟಿದ್ದಳು, ಎದ್ದಿದ್ದಳು, ಮತ್ತೆ ಹಣೆ ನೆಲಕ್ಕಿಟ್ಟಿದ್ದಳು. ನಿನ್ನೆ ಮಾತ್ರ ಕುರ್ಚಿ ಎಳೆದುಕೊಂಡು ಕೂತಳು. ಸಲಾಂ ಹೇಳಿ ತಿರುಗಿದಾಗ ಆ ಕುರ್ಚಿ ನೋಡಿ, ತನಗೆ ತೋರಿಸಲೆಂದೇ ಕೂತಿದ್ದಾಳೆ ಎಂದುಕೊಂಡಿದ್ದ.

ಇಲ್ಮಾ ನಗುತ್ತಿದ್ದವಳು ನಿಲ್ಲಿಸಿದಳು. ಅವಳ ಕಣ್ಣು ಫೋನಿನಿಂದ ಎದ್ದು ಅಡಿಗೆಮನೆಗೆ ಹೋಯಿತು. ಅವನದೂ ಹೋಯಿತು. ಅಲ್ಲಿ ಬಿಲ್ಕಿಸ್ ಸಕ್ಕರೆ ಡಬ್ಬಿಗಾಗಿ ಎಡಕ್ಕೆ ತಿರುಗುತ್ತಿದ್ದಳು. ಮೊದಲು ಪಾದ, ಆಮೇಲೆ ಸೊಂಟ.

"ಬಿಲ್ಕಿಸ್, ಅಲ್ಲಾಡಬೇಡ," ಎಂದ. ದನಿ ಕೀರಲಾಗಿತ್ತು. ಅವಳು ಸಹಜವಾಗಿಯೇ ಅವನ ಕಡೆ ಪೂರ್ತಿ ತಿರುಗಿದಳು, ಕೈಯಲ್ಲಿ ಸೌಟು. "ಏನಾತ್ರಿ?"

"ಏನಿಲ್ಲ. ಹಾಗೇ ಈ ಕುರ್ಚಿಯಲ್ಲಿ ಕೂತ್ಕೋ. ನಿಧಾನ. ನೆಟ್ಟಗೆ ಮುಂದೆ ನೋಡು." ಅವನು ಹಿಂದೆ ಹೋಗಿ ನಿಂತು, ಎರಡೂ ಅಂಗೈಗಳನ್ನು ಅವಳ ಕಿವಿಗಳ ಪಕ್ಕಕ್ಕೆ ತಂದ. ಮುಟ್ಟುವ ಮೊದಲು ಒಂದು ಕ್ಷಣ ಕೈ ಗಾಳಿಯಲ್ಲೇ ನಿಂತವು. ಆಮೇಲೆ ಅವಳ ತಲೆಯನ್ನು ಹಿಡಿದುಕೊಂಡ. ಮೊಣಕೈಗಳನ್ನು ಅವಳ ಭುಜಕ್ಕೆ ಊರಿದ. ಆಂಬುಲೆನ್ಸ್ ಬರುವ ತನಕ ಬಿಡುವ ಹಾಗಿಲ್ಲ. ಇಲ್ಮಾಳಿಗೆ ಏನೂ ಹೇಳಬೇಕಾಗಲಿಲ್ಲ. ಅವಳು ಆಗಲೇ ಫೋನಿನಲ್ಲಿ ಮಲಯ್ ಭಾಷೆಯಲ್ಲಿ ಮಾತಾಡುತ್ತಿದ್ದಳು. ಜ್ವರ ಇಲ್ಲ, ಕೆಮ್ಮು ಇಲ್ಲ, ಹೊರಗಿನಿಂದ ಯಾರೂ ಬಂದಿಲ್ಲ, ನನ್ನ ತಾಯಿಯ ಕತ್ತು, ಹೌದು, ಕತ್ತು ಎನ್ನುತ್ತಿದ್ದಳು. ಅಷ್ಟು ಶಾಂತವಾಗಿ ಮಾತಾಡಲು ಅವಳು ಯಾವಾಗ ಕಲಿತಳು ಎಂದು ಅವನಿಗೆ ಅರ್ಥವಾಗಲಿಲ್ಲ.

"ಶಾವಿಗಿ ಹೊತ್ತತ್ರಿ," ಎಂದಳು ಬಿಲ್ಕಿಸ್. ಇಲ್ಮಾ ಬಂದು ಒಲೆ ಆರಿಸಿದಳು.

ಅವಳ ಮುಖ ಅವನಿಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಬೈತಲೆ ಮಾತ್ರ; ಬಣ್ಣ ಹಚ್ಚದೆ ಎರಡು ತಿಂಗಳಾಗಿ ಬುಡದಲ್ಲಿ ಬೆಳ್ಳಗಿನ ಕೂದಲು ಒಂದು ಗೆರೆಯಾಗಿ ಎದ್ದಿದ್ದವು. ತಲೆ ಭಾರವಿತ್ತು. ಮನುಷ್ಯನ ತಲೆಯ ತೂಕ ಎಷ್ಟೆಂದು ಅವನಿಗೆ ಗೊತ್ತಿತ್ತು, ಆದರೆ ಯಾರ ತಲೆಯನ್ನೂ ಇಷ್ಟು ಹೊತ್ತು ಹಿಡಿದು ನಿಂತದ್ದಿಲ್ಲ, ಹೆಂಡತಿಯದಂತೂ ಇಲ್ಲ. ಕಾಲುಗಳನ್ನು ಅಗಲಿಸಿ ಇನ್ನಷ್ಟು ಗಟ್ಟಿಯಾಗಿ ನಿಂತ.

"ಕೈಯಲ್ಲಿ ಜುಮುಜುಮು ಏನಾದರೂ ಇದೆಯಾ?" ಎಂದು ಕೇಳಿದ. ಹೌದೆಂದು ಆಡಲು ಹೊರಟ ತಲೆಯ ಚಲನೆ ಅವನ ಅಂಗೈಗೆ ತಗುಲಿತು. "ತಲೆ ಆಡಿಸಬೇಡ. ಬಾಯಲ್ಲಿ ಹೇಳು."

"ಐತಿ. ಎಡಗೈಯಾಗ."

"ಯಾವಾಗಿಂದ?"

"ಗುರುವಾರದಿಂದ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ನಲ್ರಿ. ನಸಕಿನ್ಯಾಗ, ಸಹರಿ ಊಟದಾಗ. ನೀವು ಫೋನ್ ನೋಡಾಕತ್ತಿದ್ರಿ."

ಅವನಿಗೆ ಸಹರಿ ನೆನಪಾಯಿತು, ಫೋನು ನೆನಪಾಯಿತು. ತನ್ನನ್ನು ಯಾರಾದರೂ ವೀಡಿಯೋ ಮಾಡಿ ಹಂಚಿದ್ದಾರೆಯೇ ಎಂದು ವಿದ್ಯಾರ್ಥಿಗಳ ಗುಂಪಿನಲ್ಲಿ ಹುಡುಕುತ್ತಿದ್ದ. ಎದುರಿನಿಂದ ಏನೋ ಮಾತು ಬಂದಿತ್ತು. ಹ್ಞೂಂ ಅಂದಿದ್ದ. ಏನು ಮಾತು ಎಂದು ಕಿವಿ ಆಗ ಹಿಡಿದುಕೊಂಡಿರಲಿಲ್ಲ. ಈಗ ಬಂದು ಹೊಡೆಯಿತು. ಪಕ್ಕದ ಕೋಣೆಯ ಟೀವಿಯಲ್ಲಿ ಇನ್ನಾವುದೋ ವರ್ಷದ ಜನ ಇನ್ನಾವುದೋ ಗೋಲಿಗೆ ಕೂಗುತ್ತಿದ್ದರು. ಆಂಬುಲೆನ್ಸಿನವರು ಬಂದಾಗ ಮೈತುಂಬ ಬಿಳಿ ಪೋಷಾಕು, ಕಣ್ಣಷ್ಟೇ ಹೊರಗೆ. ಕುತ್ತಿಗೆಗೆ ಪಟ್ಟಿ ಕಟ್ಟಿ, ಹಲಗೆಗೆ ಬಿಗಿದು, ಒಬ್ಬ ಅವನ ಕೈಗಳ ಮೇಲೆ ತನ್ನ ಗ್ಲೌಸಿನ ಕೈ ಇಟ್ಟ. "ಬಿಡಿ ಡಾಕ್ಟರ್. ನಾವು ಹಿಡಿದಿದ್ದೇವೆ." ಬಿಡಬೇಕೆಂದು ಅವನಿಗೂ ಇತ್ತು. ಬೆರಳುಗಳು ಸೆಟೆದುಕೊಂಡಿದ್ದವು. ಆ ಅಪರಿಚಿತ ಒಂದೊಂದಾಗಿ ಬಿಡಿಸಬೇಕಾಯಿತು.

ಅವನೂ ಇಲ್ಮಾಳೂ ಕಾರಿನಲ್ಲಿ ಹಿಂದೆ ಹೋದರು. ಸರಕಾರಿ ಆಸ್ಪತ್ರೆಯ ಬಾಗಿಲಲ್ಲಿ ಗಾರ್ಡು ಅವನ ಹಣೆಗೆ ಜ್ವರ ನೋಡುವ ಗನ್ನು ಹಿಡಿದ, ಒಳಗೆ ಬಿಡಲಿಲ್ಲ. ನಾನು ಮೂಳೆ ಡಾಕ್ಟರ್, ಇಲ್ಲಿನ ಎಷ್ಟೋ ಡಾಕ್ಟರುಗಳು ನನ್ನ ವಿದ್ಯಾರ್ಥಿಗಳು ಎಂದು ಮಕ್ಬೂಲ್ ಹೇಳಿದ. "ಸರಿ ಡಾಕ್ಟರ್. ಆದರೆ ಪೇಷೆಂಟ್ ಮಾತ್ರ ಲಾ," ಎಂದ ಗಾರ್ಡು, ಬಹಳ ಮರ್ಯಾದೆಯಿಂದ. ಹಿಂದೆ ಸಾಲಿನಲ್ಲಿ ನಿಂತಿದ್ದ ಒಬ್ಬ ಮುದುಕಿ ಅವನನ್ನು ದಾಟಿ ಮುಂದೆ ಹೋದಳು. ಅವನು ಬದಿಗೆ ಸರಿದ. ತಿರುಗಿ ಕಾರಿಗೆ ಬಂದು ಕೂತ. ಇಂಥದೇ ಗಾಜಿನ ಬಾಗಿಲುಗಳ ಹೊರಗೆ ಕಾಯುವವರನ್ನು ಅವನು ಜೀವಮಾನವಿಡೀ ಒಳಗಿನಿಂದ ನೋಡಿದ್ದ. ಅವರ ಮುಖಗಳೇಕೆ ಹಾಗಿರುತ್ತವೆ, ಎಷ್ಟು ವಿವರಿಸಿ ಹೇಳಿದರೂ ಕೇಳದವರ ಹಾಗೆ ಎಂದು ಬೇಸರಪಟ್ಟುಕೊಂಡಿದ್ದ. ಇಲ್ಮಾ ಪಕ್ಕದ ಸೀಟಿನಲ್ಲಿ ಕೂತು ಗಾಜಿನಾಚೆ ನೋಡುತ್ತಿದ್ದಳು. ಬಿಸಿಲು ಇಳಿಯುತ್ತಿತ್ತು. ಹಬ್ಬದ ಮುನ್ನಾದಿನ, ಆದರೂ ರಸ್ತೆಯಲ್ಲಿ ಊರಿಗೆ ಹೊರಟ ಕಾರುಗಳಿಲ್ಲ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಯಾರೂ ದಾಟುವಂತಿಲ್ಲ.

ಫೋನು ಬಂದಾಗ ಕಾರಿನ ಸ್ಪೀಕರಿನಲ್ಲಿ ಬಂತು. ಡಾ. ಪುವನಾ, ಅವನ ಬಳಿಯೇ ಓದಿದ ತಮಿಳು ಹುಡುಗಿ, ಈಗ ಇಲ್ಲಿ ಮೂಳೆ ವಿಭಾಗದಲ್ಲಿದ್ದಳು. ಅವಳ ದನಿ ಕಾರಿನ ನಾಲ್ಕೂ ಮೂಲೆಯಿಂದ ಇಂಗ್ಲಿಷಿನಲ್ಲಿ ಬಂತು. "ಪ್ರೊಫ್, ಸ್ಕ್ಯಾನ್ ಆಯಿತು. ಎರಡನೇ ಮೂಳೆ ಎರಡೂ ಕಡೆ ಮುರಿದಿದೆ. ಹೆಚ್ಚು ಜಾರಿಲ್ಲ. ನರಹುರಿಗೆ ಪೆಟ್ಟಾದ ಹಾಗೆ ಕಾಣುತ್ತಿಲ್ಲ, ಎಡಗೈಯ ಶಕ್ತಿ ಸರಿಯಾಗಿದೆ. ಆಪರೇಷನ್ ಬೇಡವಾಗಬಹುದು, ಕೆಲವು ತಿಂಗಳು ಗಟ್ಟಿ ಕಾಲರ್. ಅದೃಷ್ಟವಂತರು. ಕೋವಿಡ್ ಟೆಸ್ಟಿನ ಫಲಿತಾಂಶ ಬರುವ ತನಕ ಯಾರನ್ನೂ ಬಿಡುವ ಹಾಗಿಲ್ಲ, ಸಾರಿ." ಅವನು ಥ್ಯಾಂಕ್ಯೂ ಅಂದ. ಕಣ್ಣು ಮಂಜಾಗಿತ್ತು. "ಇನ್ನೊಂದು, ಪ್ರೊಫ್. ಬುಧವಾರ ಬಿದ್ದದ್ದು, ಇವತ್ತಿನವರೆಗೆ ಯಾವ ಡಾಕ್ಟರಿಗೂ ತೋರಿಸಿಲ್ಲ ಅಂತ ಮೇಡಂ ಹೇಳಿದರು. ಹಾಗೇ ಬರೆದುಕೊಳ್ಳಲಾ?"

ಪಕ್ಕದಲ್ಲಿ ಇಲ್ಮಾ ತನ್ನ ಫೋನನ್ನು ಮಡಿಲಲ್ಲಿ ಮಗುಚಿಟ್ಟಳು. ಅವಳು ಅವನ ಕಡೆ ನೋಡಲಿಲ್ಲ. ಹೌದು ಎಂಬ ಒಂದು ಪದ ಅವನ ನಾಲಿಗೆಯ ಮೇಲೆ ಸಿದ್ಧವಾಗಿ ಕೂತಿತ್ತು. ಬಿಲ್ಕಿಸಳೇ ಅದನ್ನು ತಂದಿಟ್ಟು ಹೋಗಿದ್ದಳು. ಮುರಿದ ಕತ್ತಿನಲ್ಲೂ ಅವಳು ತನ್ನ ಮಾನ ಕಾಯಲು ನೋಡಿದಳು ಎಂದು ಅವನ ಎದೆ ಕರಗಿತು; ಆ ಕರಗುವಿಕೆಯಿಂದಲೇ ಧೈರ್ಯ ಬಂತು.

"ಇಲ್ಲ. ರೋಗಿಯನ್ನು ಅದೇ ದಿನ ಪರೀಕ್ಷಿಸಲಾಗಿತ್ತು," ಎಂದ. "ಸ್ನಾಯು ಉಳುಕಿದೆ ಎಂದು ಭಾವಿಸಲಾಯಿತು. ಎಕ್ಸ್-ರೇಗೆ ಸೂಚಿಸಲಿಲ್ಲ. ಕಾಲರ್ ಹಾಕಲಿಲ್ಲ."

"ಯಾರು ಪರೀಕ್ಷಿಸಿದ್ದು, ಪ್ರೊಫ್?"

"ರೋಗಿಯ ಗಂಡ." ಅವನು ಸ್ಪೀಕರಿನ ಕಡೆ ಬಗ್ಗಿದ. "ನಾನು. ನಾನೇ ನೋಡಿದ್ದು, ಪುವನಾ. ಸರಿಯಾಗಿ ನೋಡಲಿಲ್ಲ."

"ಓಕೆ, ಪ್ರೊಫ್," ಎಂದಳು ಪುವನಾ ಬಹಳ ಮೃದುವಾಗಿ. ಲೈನು ಕಡಿಯಿತು.

ಇಲ್ಮಾ ಬಾಗಿಲು ತೆರೆದು ಇಳಿದು ಹೋದಳು. ಎದುರಿನ, ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಅವಳು ಇಫ್ತಾರಿಗೆ ಕಟ್ಟಿಸಿಕೊಳ್ಳಲು ಸಾಲಿನಲ್ಲಿ ನಿಂತದ್ದು ಅವನಿಗೆ ಕಾಣುತ್ತಿತ್ತು. ಅವನ ಮೈ ಹಗುರಾಗಿತ್ತು. ಎಷ್ಟೋ ದಿನಗಳ ನಂತರ ಸರಿಯಾದ ಕೆಲಸವೊಂದನ್ನು ಮಾಡಿದಂತೆ ಅನಿಸುತ್ತಿತ್ತು. ಅವಳು ತಿರುಗಿ ಬಂದಾಗ ಏನನ್ನಾದರೂ ಹೇಳುತ್ತಾಳೆ, ಕನಿಷ್ಠ ಬೇರೆ ಥರ ನೋಡುತ್ತಾಳೆ ಎಂದು ಕಾಯುತ್ತಿದ್ದ. ಕಾಯುತ್ತಿದ್ದೇನೆಂದು ತಿಳಿದಾಗ ಕೆನ್ನೆ ಬಿಸಿಯಾದವು. ಅವಳು ಬಂದು, ನೀರಿನ ಬಾಟಲಿಯನ್ನೂ ಖರ್ಜೂರವನ್ನೂ ಕಿಟಕಿಯಿಂದ ಅವನ ಕೈಗೆ ಕೊಟ್ಟು, ಈ ಸಲ ಹಿಂದಿನ ಸೀಟಿನಲ್ಲಿ ಕೂತಳು. ಅಜಾನ್ ಆಯಿತು. ಇಬ್ಬರೂ ಉಪವಾಸ ಬಿಟ್ಟರು. ದೂರದ ಯಾವುದೋ ಮನೆಯಿಂದ ಹಬ್ಬದ ತಕ್ಬೀರ್ ಕೇಳಿಸಿತು, ಒಂದೇ ದನಿ, ಜೊತೆಗೆ ಸೇರುವವರಿಲ್ಲದೆ.

ಆಮೇಲೆ ಬಿಲ್ಕಿಸಳ ಫೋನು ಬಂತು. ಈ ಸಲ ಅವನು ಸ್ಪೀಕರ್ ಆರಿಸಿ ಫೋನನ್ನು ಕಿವಿಗೇ ಹಿಡಿದ. ತನ್ನ ಫೋನನ್ನು ನರ್ಸು ದಿಂಬಿನ ಮೇಲೆ ಇಟ್ಟುಕೊಟ್ಟಿದ್ದಾಳೆಂದಳು. ಗದ್ದದ ಕೆಳಗೆ ಕಾಲರ್ ಒತ್ತಿದ್ದರಿಂದ ಮಾತು ಹಲ್ಲಿನ ನಡುವಿನಿಂದ ಬರುತ್ತಿತ್ತು. ಇಲ್ಮಾ ಉಂಡಳೇನು ಎಂದು ಕೇಳಿದಳು. ಉಂಡಳು ಎಂದ. ಆಮೇಲೆ, "ಆ ಡಾಕ್ಟರ್ ಹುಡುಗಿಗೆ ನೀವು ಯಾಕ ಹೇಳಿದ್ರಿ?" ಎಂದಳು.

"ಹೇಳಬೇಕಿತ್ತು, ಬಿಲ್ಕಿಸ್. ನೀನು ನನ್ನ ಉಳಿಸೋಕೆ ಸುಳ್ಳು ಹೇಳೋದು ನನಗೆ..."

"ನಿಮ್ಮನ್ನ ಉಳಸಾಕಲ್ರಿ ನಾ ಹೇಳಿದ್ದು." ದನಿಯಲ್ಲಿ ಸಿಟ್ಟಿರಲಿಲ್ಲ, ಮಕ್ಕಳಿಗೆ ವ್ಯಾಕರಣ ತಿದ್ದುವಾಗಿನ ತಾಳ್ಮೆಯಿತ್ತು. "ಇಲ್ಲಿ ನಾ ಒಬ್ಬಾಕಿನ ಬಂದೆ. ಸ್ಟೂಲ್ ಮ್ಯಾಲಿಂದ ಬಿದ್ದಾಕಿ, ಅಷ್ಟ. ಯಾರಿಗೆ ತೋರಿಸಿದ್ರಿ ಅಂತ ಕೇಳಿದಳು. ಮನಿಯವ್ರಿಗೆ ತೋರಿಸಿದ್ದೆ, ಅವರೇ ಮೂಳಿ ಡಾಕ್ಟರ್ರು ಅಂತ ನನ್ನ ಬಾಯಲೆ ಹ್ಯಾಂಗ ಹೇಳ್ಲಿ? ಆ ಹುಡುಗಿ ನಮ್ಮ ಮನ್ಯಾಗ ಉಂಡು ಹೋದಾಕಿ. ಆಕಿ ನನ್ನ ಮೇಡಂ ಅಂತಾಳ. ನಿಮ್ಮ ಫೋನ್ ಆದಮ್ಯಾಲೆ ಬಂದು ನನ್ನ ಕೈ ಹಿಡಕೊಂಡು ನಿಂತಳ್ರಿ. ಹಿಂದ ನರ್ಸು, ಕಸಿಹಾನ್ ಕಸಿಹಾನ್ ಅಂದಳು. ಪಾಪ ಅಂತ. ಹದಿನಾಕು ವರ್ಷದಾಗ ಈ ಊರಾಗ ಯಾರೂ ನನಗ ಪಾಪ ಅಂದಿರ್ಲಿಲ್ಲ."

ಅವನು ಬಾಯಿ ತೆರೆದ. ಕ್ಷಮಿಸು ಎಂಬ ಮಾತು ಬಂತು. ಅದನ್ನು ಹೇಳಿ ತಾನು ಮತ್ತೆ ಹಗುರಾಗಲು ಹೊರಟಿದ್ದೇನೆ ಎಂದು ತಿಳಿದು ಅಲ್ಲೇ ತಡೆದ. ಕಾರು ನಿಲ್ಲಿಸುವ ಜಾಗದ ದೀಪಗಳು ಹತ್ತಿಕೊಂಡಿದ್ದವು. ಆಸ್ಪತ್ರೆಯ ಯಾವ ಅಂತಸ್ತಿನ ಯಾವ ಕಿಟಕಿಯ ಹಿಂದೆ ಅವಳಿದ್ದಾಳೆಂದು ಕೇಳಿಕೊಂಡಿರಲೇ ಇಲ್ಲ.

"ನಿಜ ಹೇಳಬಾರದು ಅಂತಲ್ರಿ," ಎಂದಳು ಬಿಲ್ಕಿಸ್. "ಆ ನಿಜದಾಗ ನಾನೂ ಇದ್ದೆ. ಒಂದ್ ಮಾತು ಕೇಳಬೇಕಿತ್ತು."

"ಹೌದು," ಎಂದ.

"ಇನ್ ಮ್ಯಾಲೆ ಕೇಳಿ ಹೇಳ್ರಿ."

"ಕೇಳ್ತೀನಿ."

ಇಬ್ಬರೂ ಫೋನು ಇಡಲಿಲ್ಲ. ಅವಳ ಕಡೆಯಿಂದ ವಾರ್ಡಿನ ಸದ್ದು ಬರುತ್ತಿತ್ತು, ಯಾರದೋ ಗಾಡಿಯ ಗಾಲಿ, ದೂರದಲ್ಲಿ ಒಂದು ಕೆಮ್ಮು. ಅವನು ಬಹಳ ಯೋಚಿಸಿ, "ಈಗ ಹೇಗಿದೆ? ಎಲ್ಲೆಲ್ಲಿ ನೋಯ್ತಾ ಇದೆ?" ಎಂದ.

"ಡಾಕ್ಟರಾಗಿ ಕೇಳಾಕತ್ತೀರೇನು?"

"ಅಲ್ಲ."

ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಶುರುಮಾಡಿದಳು. ಬಿದ್ದ ದಿನ ಕತ್ತಿನ ಒಳಗೆ ಮರಳು ಉಜ್ಜಿದ ಹಾಗೆ ಸದ್ದಾಗುತ್ತಿತ್ತಂತೆ. ರಾತ್ರಿ ಮಗ್ಗುಲಾಗಬೇಕಾದರೆ ತಲೆಯನ್ನು ಬೇರೆಯವರ ಸಾಮಾನಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಇಟ್ಟುಕೊಳ್ಳುತ್ತಿದ್ದಳಂತೆ. ಸಜ್ದಾದಲ್ಲಿ ಹಣೆ ನೆಲಕ್ಕೆ ತಾಗಿದಾಗ ಕಣ್ಣ ಮುಂದೆ ಹಳದಿ ಬೆಳಕು ಬರುತ್ತಿತ್ತಂತೆ. ರಮಜಾನಿನ ಕೊನೆಯ ದಿನಗಳಲ್ಲವೇ, ಇದೇನಾದರೂ ಒಳ್ಳೆಯದಕ್ಕೆ ಬರುವ ಬೆಳಕೇ ಇರಬಹುದೇ ಎಂದುಕೊಂಡಿದ್ದಳಂತೆ. ಹಾಗೆ ಅಂದುಕೊಂಡದ್ದಕ್ಕೆ ಈಗ ನಾಚಿಕೆಯಾಗುತ್ತದೆ ಎಂದಳು. ಒಂದೊಂದು ಮಾತಿಗೂ ಅವನ ನಾಲಿಗೆಗೆ ಅದರ ವೈದ್ಯಕೀಯ ಹೆಸರು ಬಂದು ನಿಲ್ಲುತ್ತಿತ್ತು. ಅವನು ಅದನ್ನು ನುಂಗಿಕೊಂಡು, ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದ. ಅವಳು ನಿಧಾನವಾಗಿ, ನಡುನಡುವೆ ನಿಂತು, ಬುಧವಾರದಿಂದ ಇಲ್ಲಿಯವರೆಗಿನದನ್ನೆಲ್ಲ ಹೇಳಿದಳು, ಬುಧವಾರಕ್ಕಿಂತ ಹಿಂದಿನ ಕೆಲವನ್ನೂ ಹೇಳಿದಳು. ಮಧ್ಯದಲ್ಲಿ ಎಲ್ಲಿಯೂ ಅವನು ಗೊತ್ತು ಅನ್ನಲಿಲ್ಲ.